ಹೊತ್ತುಗೊತ್ತು ಮತ್ತು ‘ದಿ’ ಎಂಬ ಚಿಕ್ಕ ಪದ

ಶತಮಾನೋತ್ಸವ ಸಂಪುಟಕ್ಕೆ ಚರಿತ್ರೆಯ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನನಗೆ ಸೂಚಿಸುವ ವೇಳೆಗೆ ಶಾಲೆಯ ಕಟ್ಟಡ, ದಾನಿಗಳು, ಹಿಂದಿನ ಮುಖ್ಯೋಪಾಧ್ಯಾಯರ ಸೇವೆ ಎಂಬ ವಿಷಯಗಳನ್ನೆಲ್ಲ ಇತರರು ಹಂಚಿಕೊಂಡಾಗಿತ್ತು. ನಾನು ಆರಿಸಿಕೊಂಡದ್ದು ತೀರ ಸಣ್ಣ ವಿಷಯ. ಇಂಗ್ಲಿಷಿನಲ್ಲಿ ಕಾಲವನ್ನು ಹೇಳುವಾಗ ‘ಎ’, ‘ಆ್ಯನ್’, ‘ದಿ’ ಎಂಬ ಆರ್ಟಿಕಲ್‌ಗಳು ಎಲ್ಲಿ ಬರುತ್ತವೆ, ಎಲ್ಲಿ ಬರುವುದಿಲ್ಲ, ಏಕೆ ಹಾಗೆ ಎಂಬುದರ ಚರಿತ್ರೆ ಇದು. ಇದು ವ್ಯಾಕರಣದ ಪಾಠವಲ್ಲವೇ, ಚರಿತ್ರೆ ಎಲ್ಲಿಂದ ಬಂತು ಎಂದು ಓದುಗರು ಕೇಳಬಹುದು. ಚರಿತ್ರೆಯನ್ನು ಬಿಟ್ಟು ಬರೀ ನಿಯಮವನ್ನು ಕಲಿಸಿದ್ದರಿಂದಲೇ ನಮ್ಮ ಮಕ್ಕಳಿಗೆ ಈ ಭಾಗ ಇಷ್ಟು ಕಷ್ಟವಾಗಿದೆ ಎಂಬುದು ಬಹುಕಾಲ ಇಂಗ್ಲಿಷ್ ಪಾಠ ಹೇಳಿದ ನನ್ನ ತಿಳಿವಳಿಕೆ.

ವಿಷಯ ಸಣ್ಣದಾದರೂ ಅದರ ಬೆಲೆಯನ್ನು ನಮ್ಮ ಶಾಲೆ ತೆರುತ್ತಿದೆ. ನೀಲಗಿರಿಯಲ್ಲಿ ಕನ್ನಡ ಮಾಧ್ಯಮಕ್ಕೆ ಮಗುವನ್ನು ಸೇರಿಸಲು ಬರುವ ಪೋಷಕರು ಮೊದಲು ಕೇಳುವುದು ಇಂಗ್ಲಿಷಿನ ಬಗೆಗೆ. ಮಗುವನ್ನು ಬಿಡಿಸಿಕೊಂಡು ಹೋಗುವವರು ಕೊನೆಯಲ್ಲಿ ಹೇಳುವುದೂ ಅದನ್ನೇ. ಟಿ.ಸಿ. ಕೇಳಲು ಬಂದ ತಂದೆಯೊಬ್ಬರು ಮಗಳ ಇಂಗ್ಲಿಷ್ ನೋಟ್‌ಪುಸ್ತಕವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟು ಕೆಂಪು ಶಾಯಿಯ ಗುರುತುಗಳನ್ನು ಒಂದೊಂದಾಗಿ ತೋರಿಸಿದ್ದರು. ‘ಇನ್ ಮಾರ್ನಿಂಗ್’ ಎಂದು ಬರೆದಲ್ಲಿ ‘ದಿ’ ಇಲ್ಲವೆಂದು ಕೆಂಪು. ಮುಂದಿನ ಪುಟದಲ್ಲಿ ‘ಆ್ಯಟ್ ದಿ ನೈಟ್’ ಎಂದು ಬರೆದಲ್ಲಿ ‘ದಿ’ ಬಂದಿದೆಯೆಂದು ಕೆಂಪು. ‘ಆನ್ ದಿ ಸಂಡೇ’ ತಪ್ಪು, ‘ಟ್ವೈಸ್ ಇನ್ ಡೇ’ ತಪ್ಪು. “ಹಾಕಿದರೂ ತಪ್ಪು, ಬಿಟ್ಟರೂ ತಪ್ಪು ಅಂದರೆ ಮಗು ಏನು ಮಾಡಬೇಕು ಟೀಚರ್?” ಎಂದು ಅವರು ಕೇಳಿದರು. ಅವರ ಪ್ರಶ್ನೆ ನ್ಯಾಯವಾದದ್ದು. ಮಗು ಮೊದಲು ಆರ್ಟಿಕಲ್ ಬಿಡುತ್ತದೆ, ಬೈಸಿಕೊಂಡ ಮೇಲೆ ಎಲ್ಲ ಕಡೆಯೂ ಹಾಕುತ್ತದೆ, ಮತ್ತೆ ಬೈಸಿಕೊಳ್ಳುತ್ತದೆ. ಆ ಹುಡುಗಿ ಇಂಗ್ಲಿಷ್ ಮಾಧ್ಯಮಕ್ಕೆ ಹೋದಳು. ಅಲ್ಲಿಯೂ ‘ಆ್ಯಟ್ ದಿ ನೈಟ್’ ಬರೆಯುವ ಮಕ್ಕಳು ಬೇಕಾದಷ್ಟಿದ್ದಾರೆ ಎಂದು ನಾನು ಬಲ್ಲೆ.

ಮಗುವಿನ ಸುತ್ತಲಿನ ಭಾಷೆಗಳನ್ನು ಮೊದಲು ನೋಡೋಣ. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ಕನ್ನಡ, ಕೆಲವರದು ಬಡಗ. ಬೀದಿಯಲ್ಲಿ, ಅಂಗಡಿಯಲ್ಲಿ ತಮಿಳು. ಗೂಡಲೂರಿನ ಕಡೆಯವರಿಗೆ ಮಲಯಾಳವೂ ಗೊತ್ತು. ಬೆಟ್ಟದ ಆಚೀಚೆ ತೊದವ, ಕೋತ, ಇರುಳ, ಕುರುಂಬರ ನುಡಿಗಳಿವೆ. ಎಂ.ಬಿ. ಎಮಿನೋ ಎಂಬ ವಿದ್ವಾಂಸರು 1930ರ ದಶಕದಲ್ಲಿ ಇಲ್ಲಿಗೆ ಬಂದು ತೊದವ ಮತ್ತು ಕೋತ ಭಾಷೆಗಳನ್ನು ಕೇಳಿ ಬರೆದುಕೊಂಡದ್ದರಿಂದಲೇ ನೀಲಗಿರಿಯ ಹೆಸರು ಜಗತ್ತಿನ ಭಾಷಾಶಾಸ್ತ್ರಜ್ಞರಿಗೆಲ್ಲ ಪರಿಚಯವಾಯಿತು. ಈ ನುಡಿಗಳಲ್ಲಿ ಒಂದರಲ್ಲಿಯೂ ‘ದಿ’ಗೆ ಸಮನಾದ ಪದವಿಲ್ಲ. ಸಂಸ್ಕೃತದಲ್ಲಿಯೂ ಇಲ್ಲ. ಅಂದರೆ ನಾಲ್ಕು ಭಾಷೆಗಳನ್ನು ಕಿವಿಯಲ್ಲಿಟ್ಟುಕೊಂಡು ಶಾಲೆಗೆ ಬರುವ ಈ ಬೆಟ್ಟದ ಮಗು ಆರ್ಟಿಕಲ್ ಎಂಬುದನ್ನು ಮೊತ್ತಮೊದಲು ಭೇಟಿಯಾಗುವುದು ಇಂಗ್ಲಿಷ್ ತರಗತಿಯಲ್ಲಿ.

ಆದರೆ ‘ನಮ್ಮಲ್ಲಿ ಇಲ್ಲ’ ಎಂಬಷ್ಟಕ್ಕೆ ಮಾತು ಮುಗಿಯುವುದಿಲ್ಲ. ಇಂಗ್ಲಿಷಿಗೂ ಇವು ಹುಟ್ಟಿನಿಂದ ಬಂದವಲ್ಲ. ಹಳೆಯ ಇಂಗ್ಲಿಷಿನಲ್ಲಿ ‘ಆನ್’ ಎಂದು ದೀರ್ಘವಾಗಿ ಉಚ್ಚರಿಸುತ್ತಿದ್ದ ಒಂದು ಪದವಿತ್ತು. ಅದರ ಅರ್ಥ ‘ಒಂದು’ ಎಂದೇ. ಒತ್ತಿ ಹೇಳಿದಾಗ ಅದು ಇಂದಿನ ‘ವನ್’ ಆಯಿತು, ತೇಲಿಸಿ ಹೇಳಿದಾಗ ‘ಆ್ಯನ್’, ‘ಎ’ ಆಯಿತು. ಹಾಗೆಯೇ ‘ಆ’, ‘ಅದು’ ಎಂದು ತೋರಿಸಿ ಹೇಳುವ ದರ್ಶಕ ಪದವೊಂದು ಸವೆದು ಸವೆದು ‘ದಿ’ ಆಯಿತು. ಆರ್ಟಿಕಲ್ಲೇ ಇಲ್ಲದಿದ್ದ ಲ್ಯಾಟಿನ್ ಭಾಷೆಯ ಮಕ್ಕಳಾದ ಫ್ರೆಂಚ್, ಇಟಾಲಿಯನ್‌ಗಳಲ್ಲಿಯೂ ‘ಒಂದು’ ಮತ್ತು ‘ಆ’ ಎಂಬ ಅರ್ಥದ ಪದಗಳೇ ಸವೆದು ಆರ್ಟಿಕಲ್‌ಗಳಾಗಿವೆ. ಕನ್ನಡದಲ್ಲಿ ‘ಒಂದು’ವೂ ಇದೆ, ‘ಆ’ಯೂ ಇದೆ. ಅವು ಸವೆಯಲಿಲ್ಲ, ಅಷ್ಟೇ. ಕಥೆಯನ್ನು ‘ಒಂದಾನೊಂದು ಕಾಲದಲ್ಲಿ’ ಎಂದು ಆರಂಭಿಸುವ ಅಜ್ಜಿ ‘ಒಂದು’ವನ್ನು ಎರಡು ಸಲ ಹೇಳುತ್ತಾಳೆ, ಅಲ್ಲಿ ಆಕೆ ಲೆಕ್ಕ ಹೇಳುತ್ತಿಲ್ಲ, ಯಾವುದೋ ಒಂದು ಕಾಲ ಎನ್ನುತ್ತಿದ್ದಾಳೆ. ಇಂಗ್ಲಿಷಿನ ‘ವನ್ಸ್ ಅಪಾನ್ ಎ ಟೈಮ್’ನಲ್ಲಿರುವ ‘ಎ’ ಮಾಡುವ ಕೆಲಸವೂ ಅದೇ.

ಕಾಲಸೂಚಕ ಪದಗಳಲ್ಲಿ ಈ ಚರಿತ್ರೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ‘ವನ್ಸ್ ಎ ವೀಕ್’, ‘ಟ್ವೈಸ್ ಎ ಡೇ’ ಎಂಬಲ್ಲಿರುವ ‘ಎ’ ಮೂಲದಲ್ಲಿ ಆರ್ಟಿಕಲ್ಲೇ ಅಲ್ಲ. ಅದು ‘ಆನ್’ ಎಂಬ ಪ್ರಿಪೊಸಿಷನ್ ಸವೆದು ಉಳಿದದ್ದು. ‘ದಿನದಲ್ಲಿ ಎರಡು ಸಲ’ ಎಂಬುದು ಅದರ ಮೊದಲ ರೂಪ. ಕಾಲಾನಂತರ ಜನರು ಅದನ್ನು ಆರ್ಟಿಕಲ್ ಎಂದೇ ಭಾವಿಸಿದರು. ಸ್ವರದ ಮುಂದೆ ‘ಟ್ವೈಸ್ ಆ್ಯನ್ ಅವರ್’ ಎಂದು ಬದಲಾಯಿಸತೊಡಗಿದರು. ಕನ್ನಡದಲ್ಲಿ ನಾವು ‘ದಿನಕ್ಕೆರಡು ಸಲ’, ‘ವಾರಕ್ಕೊಮ್ಮೆ’, ‘ಗಂಟೆಗೊಂದು ಬಸ್ಸು’ ಎನ್ನುತ್ತೇವೆ. ಇಂಗ್ಲಿಷಿನ ಆ ‘ಎ’ ಕೂತಿರುವ ಜಾಗದಲ್ಲಿ ಕನ್ನಡದ ಚತುರ್ಥೀ ವಿಭಕ್ತಿ ಕೂತಿದೆ. ‘ಕ್ಕೆ’, ‘ಗೆ’ ಎಂಬುದನ್ನು ಕಂಡಲ್ಲಿ ‘ಎ’ ಹಾಕು ಎಂದು ಐದನೆಯ ತರಗತಿಯ ಮಗುವಿಗೆ ಹೇಳಿದರೆ ಅದು ಮತ್ತೆ ತಪ್ಪುವುದಿಲ್ಲ. ‘ಐದು ಗಂಟೆಗೆ’ ಎಂಬಲ್ಲಿಯೂ ‘ಗೆ’ ಇದೆಯಲ್ಲಾ ಎಂದು ಚುರುಕಾದ ಮಗುವೊಂದು ಕೇಳಿಯೇ ಕೇಳುತ್ತದೆ. ‘ಐದು ಗಂಟೆಗೆ’ ಬೇರೆ, ‘ಗಂಟೆಗೆ ಐದು’ ಬೇರೆ; ಪದಗಳ ಸ್ಥಾನ ಬದಲಾದರೆ ಕನ್ನಡದಲ್ಲಿ ಏನಾಗುತ್ತದೆಂದು ಅದಕ್ಕೆ ಮೊದಲೇ ಗೊತ್ತಿದೆ.

ಇನ್ನು ‘ಫೈವ್ ಒ’ಕ್ಲಾಕ್’. ಇದರ ಬಿಡಿಸಿದ ರೂಪ ‘ಫೈವ್ ಆಫ್ ದಿ ಕ್ಲಾಕ್’, ಅಂದರೆ ಗಡಿಯಾರದ ಐದು. ಅದರೊಳಗೆ ‘ದಿ’ ಒಂದು ಅಡಗಿ ಕುಳಿತಿದೆ. ಸೂರ್ಯನ ಲೆಕ್ಕವೂ ಗಡಿಯಾರದ ಲೆಕ್ಕವೂ ಬೇರೆಬೇರೆಯಾಗಿದ್ದ ಕಾಲದಲ್ಲಿ ಯಾವ ಐದು ಎಂದು ಹೇಳುವ ಅಗತ್ಯವಿತ್ತು. ‘ನೂನ್’ ಎಂಬ ಪದದ ಕಥೆ ಇನ್ನೂ ಸೋಜಿಗ. ಲ್ಯಾಟಿನ್‌ನಲ್ಲಿ ಅದು ಹಗಲಿನ ಒಂಬತ್ತನೆಯ ತಾಸು, ಅಂದರೆ ನಮ್ಮ ಮೂರು ಗಂಟೆ. ಕ್ರೈಸ್ತ ಮಠಗಳ ಪ್ರಾರ್ಥನೆಯ ವೇಳೆ ಹಿಂದಕ್ಕೆ ಸರಿಯುತ್ತ ಹೋದಂತೆ ಪದವೂ ಹನ್ನೆರಡಕ್ಕೆ ಸರಿಯಿತು.

ಹಾಗಾದರೆ ‘ಇನ್ ದಿ ಮಾರ್ನಿಂಗ್’ ಸರಿ, ‘ಆ್ಯಟ್ ನೈಟ್’ ಸರಿ ಎಂಬುದಕ್ಕೆ ತರ್ಕವೇನು? ಬೆಳಗು, ಮಧ್ಯಾಹ್ನ, ಸಂಜೆಗಳನ್ನು ಇಂಗ್ಲಿಷ್ ಹರವುಳ್ಳ ಹೊತ್ತಾಗಿ ಕಾಣುತ್ತದೆ. ಒಳಗೆ ಹೋಗಿ ಹೊರಗೆ ಬರಬಹುದಾದ ಕೋಣೆಗಳಿದ್ದಂತೆ. ಅದಕ್ಕೆ ‘ಇನ್ ದಿ’. ನಡುಹಗಲು, ನಡುರಾತ್ರಿ, ಸೂರ್ಯೋದಯಗಳು ಬಿಂದುಗಳು. ಅದಕ್ಕೆ ಬರಿದಾದ ‘ಆ್ಯಟ್’. ಇಷ್ಟು ಚೆನ್ನಾಗಿ ಹೊಂದುತ್ತದೆ. ಆದರೆ ರಾತ್ರಿ ಬಿಂದುವಲ್ಲ, ಎಲ್ಲಕ್ಕಿಂತ ಉದ್ದವಾದ ಹೊತ್ತು. ಆದರೂ ‘ಆ್ಯಟ್ ನೈಟ್’. ಒಂದು ನಿರ್ದಿಷ್ಟ ರಾತ್ರಿಯ ನಡುವೆ ಏನಾದರೂ ನಡೆದರೆ, ಉದಾಹರಣೆಗೆ ಮಸಿನಗುಡಿಯ ಹೊಲಕ್ಕೆ ಆನೆ ಬಂದರೆ, ಆಗ ‘ಇನ್ ದಿ ನೈಟ್’ ಎನ್ನಬಹುದು. ಇಲ್ಲಿ ತರ್ಕ ಅರ್ಧ, ರೂಢಿ ಅರ್ಧ. ರೂಢಿಯನ್ನು ರೂಢಿಯೆಂದೇ ಮಕ್ಕಳಿಗೆ ಹೇಳಬೇಕು. ನಾವು ‘ಬೆಳಿಗ್ಗೆ’ ಎನ್ನುವಾಗ ‘ಗೆ’ ಇದೆ, ‘ರಾತ್ರಿ’ ಎನ್ನುವಾಗ ಯಾವ ಪ್ರತ್ಯಯವೂ ಇಲ್ಲ. ‘ರಾತ್ರಿಗೆ ಮಳೆ ಬಂತು’ ಎಂದು ಪರದೇಶದವರೊಬ್ಬರು ಅಂದರೆ ನಾವು ನಗುತ್ತೇವೆ. ಏಕೆ ತಪ್ಪು ಎಂದು ಕೇಳಿದರೆ ತಡವರಿಸುತ್ತೇವೆ.

ಹಾಗೆ ತಪ್ಪಿದ ಪರದೇಶದವರು ಈ ಬೆಟ್ಟದಲ್ಲಿಯೇ ಇದ್ದಿರಬೇಕು. ನಮ್ಮ ಶಾಲೆಯಂಥ ಶಾಲೆಗಳ ಬೇರು ಇರುವುದೂ ಆ ಕಾಲದಲ್ಲಿ. ಕೊಯಮುತ್ತೂರಿನ ಕಲೆಕ್ಟರ್ ಜಾನ್ ಸಲಿವನ್ 1819ರಲ್ಲಿ ಕೋಟಗಿರಿಯ ಕಡೆಯಿಂದ ಬೆಟ್ಟ ಹತ್ತಿದ ಮೇಲೆ ಉದಕಮಂಡಲದಲ್ಲಿ ಆಂಗ್ಲರ ಮನೆಗಳೆದ್ದವು. ಕೇತಿಯಲ್ಲಿ ನೆಲೆಸಿದ್ದ ಕ್ಯಾಸಮೇಜರ್ ಎಂಬ ಇಂಗ್ಲಿಷ್ ಅಧಿಕಾರಿ ಬಡಗರ ಮಕ್ಕಳಿಗಾಗಿ ಶಾಲೆ ನಡೆಸಿದರು. 1846ರಲ್ಲಿ ಬಾಸೆಲ್ ಮಿಷನ್ನಿನವರು ಅಲ್ಲಿಗೆ ಬಂದರು. ಮಂಗಳೂರಿನಲ್ಲಿ ಆಗಲೇ ನೆಲೆಯೂರಿ ಮುದ್ರಣಾಲಯವನ್ನೂ ಸ್ಥಾಪಿಸಿದ್ದ ಈ ಮಿಷನ್ನಿನವರು ಬಡಗರ ಶಾಲೆಗಳಲ್ಲಿ ಬಳಸಿದ್ದು ಕನ್ನಡದ ಪುಸ್ತಕಗಳನ್ನು. ಬಡಗ ನುಡಿಗೆ ಅತ್ಯಂತ ಹತ್ತಿರದ ಬರಹದ ಭಾಷೆ ಕನ್ನಡವೆಂದು ಅವರು ಕಂಡರು. ಬೆಟ್ಟದ ಮೇಲೆ ಕನ್ನಡದ ಅಕ್ಷರ ಮಕ್ಕಳ ಹಲಗೆಯನ್ನು ಸೇರಿದ ಬಗೆಗಳಲ್ಲಿ ಇದೂ ಒಂದು. ನಮ್ಮ ಶಾಲೆ ಆ ಮಿಷನ್ನಿನದಲ್ಲ. ಆದರೆ ನೀಲಗಿರಿಯಲ್ಲಿ ಕನ್ನಡದ ಮೂಲಕ ಓದು ಕಲಿಯಬಹುದೆಂಬ ವಾಡಿಕೆ ನಮಗಿಂತ ಬಹಳ ಹಿಂದೆಯೇ ಆರಂಭವಾಗಿತ್ತು.

ಆ ಪಾದ್ರಿಗಳಲ್ಲಿ ಬಹುಮಂದಿ ಜರ್ಮನ್ನರು. ಅವರ ಭಾಷೆಯಲ್ಲಿ ಆರ್ಟಿಕಲ್‌ಗಳು ಇಂಗ್ಲಿಷಿಗಿಂತ ಹೆಚ್ಚು. ಮೂರು ಲಿಂಗ, ನಾಲ್ಕು ವಿಭಕ್ತಿಗಳಿಗೆ ತಕ್ಕಂತೆ ರೂಪ ಬದಲಾಯಿಸುತ್ತವೆ. ಅಲ್ಲಿ ‘ಸೋಮವಾರ ಬರುತ್ತೇನೆ’ ಎನ್ನಲು ‘ಆಮ್ ಮೋಂಟಾಗ್’ ಎನ್ನಬೇಕು. ಆ ‘ಆಮ್’ನಲ್ಲಿ ಆರ್ಟಿಕಲ್ ಕರಗಿದೆ. ನಮ್ಮ ಹುಡುಗಿ ಬರೆದ ‘ಆನ್ ದಿ ಸಂಡೇ’ ಜರ್ಮನ್ನಿನ ಮಾದರಿಯಲ್ಲಿ ಸರಿಯಾದದ್ದೇ! ಫ್ರೆಂಚರಿಗೆ ‘ಸೋಮವಾರಗಳಂದು’ ಎಂದು ವಾಡಿಕೆಯ ಮಾತು ಹೇಳಲು ಆರ್ಟಿಕಲ್ ಬೇಕು, ಬರುವ ಸೋಮವಾರವೆಂದರೆ ಬೇಡ. ಆರ್ಟಿಕಲ್ ಇರುವ ಭಾಷೆಗಳೇ ತಮ್ಮೊಳಗೆ ಒಪ್ಪುವುದಿಲ್ಲವೆಂದ ಮೇಲೆ ಮಗು ತಪ್ಪಿದ್ದು ಬುದ್ಧಿಯ ಕೊರತೆಯಿಂದಲ್ಲ ಎಂಬುದು ಸ್ಪಷ್ಟವಷ್ಟೆ.

ಇಂಥ ಭಾಷೆಯಿಂದ ಬಂದವರು ‘ದಿ’ಯೇ ಇಲ್ಲದ ಕನ್ನಡವನ್ನು ಕಲಿತರು. ವಿಲಿಯಂ ಕ್ಯಾರಿಯವರ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಂಪುರದಲ್ಲಿ ಅಚ್ಚಾಯಿತು. ರೀವ್ ಅವರ ಇಂಗ್ಲಿಷ್-ಕನ್ನಡ ನಿಘಂಟು 1824ರಲ್ಲಿ ಬಂತು. ಕಾಲ್ಡ್‌ವೆಲ್ ಅವರು ದ್ರಾವಿಡ ಭಾಷೆಗಳನ್ನು ಒಂದು ಕುಟುಂಬವಾಗಿ ತೂಗಿನೋಡಿದ ಗ್ರಂಥ 1856ರಲ್ಲಿ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ, ಅವರ ವ್ಯಾಕರಣ 1903ರಲ್ಲಿ. ಇವರೆಲ್ಲ ತಮ್ಮ ಭಾಷೆಯ ಕನ್ನಡಿಯಲ್ಲಿ ಕನ್ನಡವನ್ನು ನೋಡಿ, ಎಲ್ಲಿ ಹೊಂದುತ್ತದೆ, ಎಲ್ಲಿ ಹೊಂದುವುದಿಲ್ಲ ಎಂದು ಬರೆದಿಟ್ಟುಕೊಂಡು ಕಲಿತವರು. ನಮ್ಮ ಮಕ್ಕಳು ಇಂಗ್ಲಿಷ್ ಕಲಿಯುವಾಗ ಈ ಹಾದಿಯನ್ನು ಮುಚ್ಚಿ, ‘ಇಂಗ್ಲಿಷನ್ನು ಇಂಗ್ಲಿಷಿನಲ್ಲಿಯೇ ಯೋಚಿಸು’ ಎಂದು ಉಪದೇಶಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಕಿಟೆಲ್ ಅವರಿಗೆ ಯಾರೂ ಹಾಗೆ ಹೇಳಲಿಲ್ಲ.

ಕಾಲದ ಮಾತಿಗೆ ಬಂದರೆ, ಆ ಶತಮಾನದಲ್ಲಿ ಬದಲಾದದ್ದು ಮಾತಷ್ಟೇ ಅಲ್ಲ, ಕಾಲದ ಅಳತೆಯೂ ಬದಲಾಯಿತು. ನಮ್ಮ ಹಿರಿಯರ ದಿನಕ್ಕೆ ಎಂಟು ಜಾವ, ಅರುವತ್ತು ಗಳಿಗೆ; ಒಂದು ಗಳಿಗೆಯೆಂದರೆ 24 ನಿಮಿಷ. ‘ಹೊತ್ತು ಹುಟ್ಟುವ ಮುಂಚೆ’, ‘ಹೊತ್ತು ಮುಳುಗಿದ ಮೇಲೆ’, ‘ದೀಪ ಹಚ್ಚುವ ಹೊತ್ತಿಗೆ’ ಎಂದರೆ ಸಾಕಾಗಿತ್ತು. ಹೊಡೆಯುವ ಲೋಹದ ಹೆಸರಾದ ‘ಗಂಟೆ’ಯೇ ಅರುವತ್ತು ನಿಮಿಷದ ಹೆಸರೂ ಆಯಿತು. ಶಾಲೆಯ ಗಂಟೆ, ಎರಡು ಗಂಟೆಯ ಪರೀಕ್ಷೆ, ಎರಡು ಗಂಟೆಗೆ ಪರೀಕ್ಷೆ: ಇಂಗ್ಲಿಷಿನಲ್ಲಿ ಇವು ಮೂರು ಬೇರೆ ಪದಗಳು, ಕನ್ನಡದಲ್ಲಿ ಒಂದೇ. ಮೆಟ್ಟುಪಾಳಯಂನಿಂದ ಕೂನೂರಿಗೆ ಬೆಟ್ಟದ ರೈಲು 1899ರಲ್ಲಿ ಬಂದಾಗ ರೈಲಿನ ಗಡಿಯಾರಗಳು ತೋರಿಸುತ್ತಿದ್ದದ್ದು ಮದ್ರಾಸು ಸಮಯ. ಅದೇ ಹಳಿ ಉದಕಮಂಡಲವನ್ನು ಮುಟ್ಟಿದ 1908ರ ವೇಳೆಗೆ ಭಾರತೀಯ ಕಾಲಮಾನ ಜಾರಿಗೆ ಬಂದಿತ್ತು. ಅದು ಆರಂಭವಾದದ್ದು 1906ರಲ್ಲಿ. ರೈಲಿನ ವೇಳಾಪಟ್ಟಿಯಲ್ಲಿ ಆರ್ಟಿಕಲ್ ಇಲ್ಲ. ಅಂಕಿಗೆ ಅದು ಬೇಡ.

ಅಂಕಿಗೆ ಬೇಡ, ಆದರೆ ಅಂಕಿಯನ್ನು ಬಾಯಲ್ಲಿ ಓದುವಾಗ ಬೇಕಾಗುತ್ತದೆ. ಇದು ನಮ್ಮ ಮಕ್ಕಳನ್ನು ಭಾಷಣ ಸ್ಪರ್ಧೆಗಳಲ್ಲಿ ಕೆಡವುವ ಸಂಗತಿ. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾಗಿ ಕೊಯಮುತ್ತೂರು ಜಿಲ್ಲೆಯ ಕೊಳ್ಳೇಗಾಲ ಮೈಸೂರು ರಾಜ್ಯಕ್ಕೆ ಸೇರಿತು. ನೀಲಗಿರಿ ಮದ್ರಾಸಿನಲ್ಲಿಯೇ ಉಳಿಯಿತು. ನಮ್ಮ ಶಾಲೆ ಭಾಷಾ ಅಲ್ಪಸಂಖ್ಯಾತರ ಶಾಲೆಯಾಗಿ ನಡೆದುಬಂದಿರುವುದರ ಹಿಂದೆ ಆ ದಿನಾಂಕವಿದೆ. ಅದನ್ನು ಇಂಗ್ಲಿಷಿನಲ್ಲಿ ಬರೆಯುವಾಗ ‘1 ನವೆಂಬರ್ 1956’ ಎಂದರೆ ಸಾಕು. ಓದುವಾಗ ‘ದಿ ಫಸ್ಟ್ ಆಫ್ ನವೆಂಬರ್’. ‘ಇನ್ 1956’ ಸರಿ. ನಡುವೆ ‘ಇಯರ್’ ಎಂಬ ಪದ ಬಂದರೆ ‘ಇನ್ ದಿ ಇಯರ್ 1956’. ‘1950ರ ದಶಕ’ಕ್ಕೆ ‘ದಿ’ ಬೇಕೇಬೇಕು. ಏಕೆಂದರೆ 1956 ಎಂಬುದು ಆ ವರ್ಷದ ಹೆಸರು, ‘ನವೆಂಬರ್’ ಆ ತಿಂಗಳ ಹೆಸರು, ‘ಮಂಡೇ’ ಆ ವಾರದ ಹೆಸರು. ಹೆಸರಿಗೆ ಇಂಗ್ಲಿಷ್ ಸಾಮಾನ್ಯವಾಗಿ ‘ದಿ’ ಹಚ್ಚುವುದಿಲ್ಲ. ‘ಇಯರ್’, ‘ಫಸ್ಟ್’ ಹೆಸರುಗಳಲ್ಲ. ಯಾವ ವರ್ಷ, ಯಾವುದರ ಮೊದಲನೆಯದು ಎಂದು ತೋರಿಸಬೇಕು. ಹಳೆಯ ಶಾಲಾ ಕಡತಗಳನ್ನು ತಿರುವಿದವರು ‘ದಿ ಫಿಫ್ತ್ ಇನ್‌ಸ್ಟಂಟ್’, ‘ದಿ ಟ್ವೆಂಟಿಯತ್ ಅಲ್ಟಿಮೊ’ ಎಂಬ ಒಕ್ಕಣೆಯನ್ನು ಕಂಡಿರುತ್ತೀರಿ. ಈ ತಿಂಗಳ ಐದು, ಹೋದ ತಿಂಗಳ ಇಪ್ಪತ್ತು ಎಂದರ್ಥ. ಇಂಗ್ಲೆಂಡಿನ ಕಚೇರಿಗಳೇ ಬಿಟ್ಟುಬಿಟ್ಟ ಈ ಮಾತುಗಳನ್ನು ನಮ್ಮ ಗುಮಾಸ್ತರು ಬಹುಕಾಲ ಕಾಪಾಡಿಕೊಂಡು ಬಂದರು, ಆರ್ಟಿಕಲ್ ಸಮೇತ.

ವಾರಗಳ ಹೆಸರಿನಲ್ಲಿ ಒಂದು ಸೊಗಸಾದ ಹೊಂದಾಣಿಕೆಯಿದೆ. ‘ಮಂಡೇ’ ಎಂದರೆ ಚಂದ್ರನ ದಿನ, ‘ಸೋಮವಾರ’ವೂ ಅದೇ. ಬರಿದೆ ‘ಸೋಮವಾರ ರಜೆ’ ಎಂದರೆ ‘ಆನ್ ಮಂಡೇ’. ಯಾವುದೋ ಒಂದು ಸೋಮವಾರವಾದರೆ ‘ಆನ್ ಎ ಮಂಡೇ’. ಆದರೆ ಬಡಗರ ಹೆತ್ತೆ ಹಬ್ಬವನ್ನು ಯೋಚಿಸಿ. ಡಿಸೆಂಬರ್, ಜನವರಿಯ ಹುಣ್ಣಿಮೆ ಕಳೆದು ಬರುವ ಸೋಮವಾರ ಅದು ಆರಂಭವಾಗುವುದು ರೂಢಿ. ಹುಣ್ಣಿಮೆಯನ್ನು ಹೇಳಿ ಸೋಮವಾರಕ್ಕೆ ಗಂಟು ಹಾಕಿದ ಕೂಡಲೇ ಇಂಗ್ಲಿಷಿನಲ್ಲಿ ‘ದಿ ಮಂಡೇ ಆಫ್ಟರ್ ದಿ ಫುಲ್ ಮೂನ್’ ಎಂದಾಗುತ್ತದೆ. ಕನ್ನಡದಲ್ಲಿ ಇಂಥ ಕಡೆ ‘ಸೋಮವಾರದಂದು’ ಎನ್ನಲು ನಾಲಿಗೆ ತಾನಾಗಿ ಹೊರಳುತ್ತದೆ. ‘ಅಂದು’ ಎಂಬುದರಲ್ಲಿ ‘ಆ’ ಎಂಬ ದರ್ಶಕವಿದೆ. ಇಂದು, ಅಂದು, ಎಂದು ಎಂಬ ಸಾಲನ್ನು ನೋಡಿದರೆ ತಿಳಿಯುತ್ತದೆ.

ಆರ್ಟಿಕಲ್‌ಗಳ ಪಾಠವನ್ನು ನಮ್ಮ ಶಿಕ್ಷಕರು ಎಲ್ಲಿಂದ ಕಲಿತರು? ಹಳೆಯ ತಲೆಮಾರಿನವರು ನೆಸ್‌ಫೀಲ್ಡರ ವ್ಯಾಕರಣದಿಂದ. ಅದರ ನಂತರದವರು 1930ರ ದಶಕದಲ್ಲಿ ಬಂದ ರೆನ್ ಮತ್ತು ಮಾರ್ಟಿನ್ ಅವರ ಪುಸ್ತಕದಿಂದ. ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಆ ದಪ್ಪ ಪುಸ್ತಕವನ್ನು ಇಂದಿಗೂ ಜೋಪಾನವಾಗಿಟ್ಟವರಿದ್ದಾರೆ. ಅವು ಒಳ್ಳೆಯ ಪುಸ್ತಕಗಳೇ. ಆದರೆ ಅವು ನಾಮಪದದ ಜಾತಿಯನ್ನು ಹಿಡಿದು ಆರ್ಟಿಕಲ್ ಕಲಿಸುತ್ತವೆ: ನದಿಗೆ ‘ದಿ’, ಊರಿಗೆ ಇಲ್ಲ, ಗ್ರಂಥಕ್ಕೆ ‘ದಿ’ ಎಂಬಂತೆ. ಕಾಲದ ಮಾತುಗಳು ಒಂದು ಜಾತಿಗೆ ಸೇರದ ಕಾರಣ ಅಲ್ಲಲ್ಲಿ ಚೆಲ್ಲಿಹೋಗುತ್ತವೆ. ಅರ್ಧಕ್ಕರ್ಧ ‘ವಿನಾಯಿತಿ’ ಎಂಬ ತಲೆಬರಹದ ಕೆಳಗೆ ಬೀಳುತ್ತವೆ. ಕನ್ನಡದ ಮಗುವಿನ ಮನಸ್ಸಿನಲ್ಲಿ ಈ ಮಾತುಗಳು ಹೇಗೆ ಜೋಡಿಸಿಕೊಂಡಿವೆ ಎಂದು ಆ ಗ್ರಂಥಕರ್ತರಿಗೆ ತಿಳಿಯುವ ದಾರಿಯೂ ಇರಲಿಲ್ಲ.

ಅದು ನಮಗೆ ತಿಳಿದಿದೆ. ಇದಕ್ಕೆ ನಾನು ತರಗತಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಬಳಸಿರುವ ಉದಾಹರಣೆ ‘ನೆಕ್ಸ್ಟ್’. ‘ನೆಕ್ಸ್ಟ್ ವೀಕ್’ ಎನ್ನಬೇಕೋ ‘ದಿ ನೆಕ್ಸ್ಟ್ ವೀಕ್’ ಎನ್ನಬೇಕೋ ಎಂಬುದು ಪದವೀಧರರನ್ನೂ ಕಾಡುತ್ತದೆ. ಇಂಗ್ಲಿಷಿನಲ್ಲಿ ವಿವರಿಸಹೊರಟರೆ ಅರ್ಧ ಪಿರಿಯಡ್ ಬೇಕು. ಕನ್ನಡದಲ್ಲಿ ಒಂದೇ ಪ್ರಶ್ನೆ ಸಾಕು: ನೀನು ‘ನಾಳೆ’ ಎನ್ನುತ್ತೀಯೋ, ‘ಮರುದಿನ’ ಎನ್ನುತ್ತೀಯೋ? ‘ನಾಳೆ’ ಎಂಬುದು ಮಾತಾಡುವವನು ನಿಂತಿರುವ ದಿನದಿಂದ ಎಣಿಸುವುದು. ‘ಮರುದಿನ’ ಎಂಬುದು ಕಥೆಯೊಳಗಿನ ದಿನದಿಂದ ಎಣಿಸುವುದು. ‘ರಾಜ ಕಾಡಿಗೆ ಹೋದ, ನಾಳೆ ಹುಲಿಯನ್ನು ಕಂಡ’ ಎಂದು ಒಂದನೆಯ ತರಗತಿಯ ಮಗುವೂ ಹೇಳುವುದಿಲ್ಲ. ಇದೇ ಭೇದ ಇಂಗ್ಲಿಷಿನಲ್ಲಿಯೂ ಇದೆ. ಇಂದಿನಿಂದ ಎಣಿಸಿದರೆ ಆರ್ಟಿಕಲ್ ಇಲ್ಲ: ‘ನೆಕ್ಸ್ಟ್ ವೀಕ್’ ಮುಂದಿನ ವಾರ, ‘ಲಾಸ್ಟ್ ಇಯರ್’ ಹೋದ ವರ್ಷ. ಕಥೆಯೊಳಗಿಂದ ಎಣಿಸಿದರೆ ‘ದಿ’ ಬೇಕು: ‘ದಿ ನೆಕ್ಸ್ಟ್ ಡೇ’ ಮರುದಿನ, ‘ದಿ ನೆಕ್ಸ್ಟ್ ಇಯರ್’ ಮರುವರ್ಷ, ‘ದಿ ಪ್ರೀವಿಯಸ್ ಡೇ’ ಹಿಂದಿನ ದಿನ. ಇಂಗ್ಲಿಷ್ ಒಂದು ‘ದಿ’ಯಿಂದ ಮಾಡುವ ಕೆಲಸವನ್ನು ಕನ್ನಡ ಎರಡು ಬೇರೆ ಪದಗಳಿಂದ ಮಾಡುತ್ತದೆ. ಆರ್ಟಿಕಲ್ ಇಲ್ಲವೆಂದು ಯಾವ ಭಾಷೆಯನ್ನು ನಾವು ಅಡ್ಡಿಯೆಂದು ಭಾವಿಸಿದ್ದೆವೋ ಅದರಲ್ಲಿಯೇ ಬೀಗದ ಕೈ ಇದೆ. ಕನ್ನಡ ಗಟ್ಟಿಯಾಗಿ ಬಾರದ ಮಗುವಿಗೆ ಈ ಬೀಗದ ಕೈ ದೊರೆಯುವುದಿಲ್ಲ. ಮಾಧ್ಯಮ ಬದಲಿಸುವ ಮೊದಲು ಪೋಷಕರು ಇದನ್ನು ಯೋಚಿಸಬೇಕೆಂದು ನನ್ನ ವಿನಂತಿ.

ಎಲ್ಲ ಕಡೆ ಕನ್ನಡ ಹೀಗೆ ಕೈಹಿಡಿಯುವುದಿಲ್ಲ ಎಂಬುದನ್ನೂ ಹೇಳಬೇಕು. ‘ಮೊನ್ನೆ’, ‘ನಾಡಿದ್ದು’ ಎಂಬ ಒಂದೊಂದು ಪದಕ್ಕೆ ಇಂಗ್ಲಿಷಿನಲ್ಲಿ ‘ದಿ ಡೇ ಬಿಫೋರ್ ಎಸ್ಟರ್‌ಡೇ’, ‘ದಿ ಡೇ ಆಫ್ಟರ್ ಟುಮಾರೊ’ ಎಂದು ಇಡೀ ಸಾಲು ಬೇಕು. ಮಕ್ಕಳು ಅದರ ತಲೆಯ ‘ದಿ’ಯನ್ನು ಕತ್ತರಿಸಿಬಿಡುತ್ತಾರೆ. ‘ಒಂದು ದಿನ ರಜೆ ಕೊಡಿ’ ಎಂಬುದನ್ನು ‘ವನ್ ಡೇ ಲೀವ್’ ಎಂದು ಬರೆಯುವುದು ಮಕ್ಕಳಷ್ಟೇ ಅಲ್ಲ, ಪೋಷಕರ ರಜಾ ಚೀಟಿಗಳೂ ಹಾಗೆಯೇ ಇರುತ್ತವೆ. ‘ಎ ಡೇಸ್ ಲೀವ್’ ಎಂಬುದು ನಮ್ಮ ಕಿವಿಗೆ ಇನ್ನೂ ಒಗ್ಗಿಲ್ಲ. ‘ಅವರ್’ ಎಂಬ ಪದವನ್ನು ಎಚ್ ಅಕ್ಷರದಿಂದ ಬರೆದರೂ ಸ್ವರದಿಂದ ಉಚ್ಚರಿಸುವುದರಿಂದ ‘ಆ್ಯನ್ ಅವರ್’, ‘ಇಯರ್’ನ ಮೊದಲಲ್ಲಿ ಯಕಾರವಿರುವುದರಿಂದ ‘ಎ ಇಯರ್’. ಇಲ್ಲಿ ಕಣ್ಣನ್ನು ನಂಬದೆ ಕಿವಿಯನ್ನು ನಂಬಬೇಕು. ‘ಇನ್ ಟೈಮ್’, ‘ಆನ್ ಟೈಮ್’, ‘ಆ್ಯಟ್ ಎ ಟೈಮ್’, ‘ಆ್ಯಟ್ ದಿ ಸೇಮ್ ಟೈಮ್’ ಇವುಗಳಿಗೆ ಬಾಯಿಪಾಠವೇ ಗತಿ. ಮಗ್ಗಿ ಕಲಿತಂತೆ ಕಲಿತರೆ ನಷ್ಟವೇನಿಲ್ಲ.

2006ರ ತಮಿಳು ಕಲಿಕೆಯ ಕಾನೂನಿನ ನಂತರ ನಮ್ಮ ಮಕ್ಕಳು ಕನ್ನಡ, ಇಂಗ್ಲಿಷುಗಳ ಜೊತೆಗೆ ತಮಿಳನ್ನೂ ಶಾಲೆಯಲ್ಲಿ ಓದುತ್ತಾರೆ. ಮೂರು ಲಿಪಿಗಳ ಭಾರ ಕಡಿಮೆಯಲ್ಲ. ಆದರೆ ಈ ವಿಷಯದಲ್ಲಿ ತಮಿಳು ಕನ್ನಡಕ್ಕೆ ತಂಗಿಯಂತೆ ನೆರವಾಗುತ್ತದೆ: ‘ನಾಳೈ’, ‘ಮರುನಾಳ್’ ಎಂಬ ಭೇದ ಅಲ್ಲಿಯೂ ಇದೆ. ತಮಿಳು ಪಾಠ ಹೇಳುವ ನಮ್ಮ ಸಹೋದ್ಯೋಗಿಗಳೂ ಇಂಗ್ಲಿಷ್ ಪಾಠ ಹೇಳುವವರೂ ಒಂದೇ ಹಲಗೆಯ ಮೇಲೆ ಈ ಪದಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದ ದಿನ ಎಂಟನೆಯ ತರಗತಿಯಲ್ಲಿ ಕಂಡ ಉತ್ಸಾಹವನ್ನು ನಾನು ವಾರ್ಷಿಕೋತ್ಸವದ ನಾಟಕಗಳಲ್ಲಿಯೂ ಕಂಡಿಲ್ಲ.

ಋತುಗಳ ವಿಷಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ; ಈ ಬೆಟ್ಟದವರಿಗೆ ಅದು ಹತ್ತಿರದ ವಿಷಯ. ಗೂಡಲೂರಿಗೆ ಜೂನ್‌ನಲ್ಲಿ ನೈಋತ್ಯದ ಮಳೆ, ಕೂನೂರು, ಕೋಟಗಿರಿಗಳಿಗೆ ಅಕ್ಟೋಬರ್, ನವೆಂಬರ್‌ನಲ್ಲಿ ಈಶಾನ್ಯದ ಮಳೆ, ಮಸಿನಗುಡಿಗೆ ಎರಡೂ ಅಷ್ಟಕ್ಕಷ್ಟೆ. ‘ಇನ್ ದಿ ಮಾನ್ಸೂನ್’ ಎಂದರೆ ಯಾವ ಮಳೆ ಎಂದು ಊರನ್ನು ಕೇಳಿ ತಿಳಿಯಬೇಕು. ಅದಕ್ಕೇ ‘ದಿ’ ಬೇಕು. ಇನ್ನು ‘ಸೀಸನ್’. ಆಂಗ್ಲರ ಕಾಲದಲ್ಲಿ ಮದ್ರಾಸಿನ ಗವರ್ನರೂ ಅವರ ಕಚೇರಿಯೂ ಬೇಸಗೆಯಲ್ಲಿ ಉದಕಮಂಡಲಕ್ಕೆ ಬರುತ್ತಿದ್ದುದರಿಂದ ಆ ತಿಂಗಳುಗಳಿಗೆ ಬಿದ್ದ ಹೆಸರು ‘ದಿ ಸೀಸನ್’. ಗವರ್ನರು ಹೋದರೂ ಹೆಸರು ಹೋಗಲಿಲ್ಲ. ಇಂದಿಗೂ ಊಟಿಯ ಅಂಗಡಿಯವರು, ಟ್ಯಾಕ್ಸಿಯವರು ಏಪ್ರಿಲ್, ಮೇ ತಿಂಗಳನ್ನು ‘ಸೀಸನ್’ ಎಂದೇ ಕರೆಯುತ್ತಾರೆ. ಯಾವ ಸೀಸನ್ ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ‘ದಿ’ ಎಂದರೆ ಏನು ಎಂದು ಮಕ್ಕಳು ಕೇಳಿದರೆ ನಾನು ಈ ಉದಾಹರಣೆಯನ್ನೇ ಕೊಡುವುದು: ಕೇಳುವ ಅಗತ್ಯವಿಲ್ಲದೆ ಇಬ್ಬರಿಗೂ ಗೊತ್ತಿರುವುದಕ್ಕೆ ‘ದಿ’. ಬೆರಿಕ್ಕಾಯಿ ಮಾರುವ ಕಾಲ ಬಂದರೆ ಅದಕ್ಕೆ ‘ಇನ್ ಸೀಸನ್’, ಆರ್ಟಿಕಲ್ ಇಲ್ಲ. ಮೇ ತಿಂಗಳ ಪುಷ್ಪ ಪ್ರದರ್ಶನಕ್ಕೆ ಜನ ನೆರೆಯುವುದು ‘ಇನ್ ದಿ ಸೀಸನ್’.

ಕಳೆದ ವರ್ಷ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ‘ಇನ್ ಸಮ್ಮರ್’ ಸರಿಯೋ ‘ಇನ್ ದಿ ಸಮ್ಮರ್’ ಸರಿಯೋ ಎಂದು ಕೇಳಿದಳು. ಎರಡೂ ಸರಿ ಎಂದೆ. ಅವಳಿಗೆ ನಂಬಿಕೆ ಬರಲಿಲ್ಲ. ಪರೀಕ್ಷೆಯಲ್ಲಿ ಯಾವುದಕ್ಕೆ ಅಂಕ ಕೊಡುತ್ತಾರೆ ಎಂದು ಮತ್ತೆ ಕೇಳಿದಳು. ಎರಡಕ್ಕೂ ಕೊಡಬೇಕು, ಕೊಡದಿದ್ದರೆ ಉತ್ತರ ಪತ್ರಿಕೆಯನ್ನು ನನ್ನ ಬಳಿಗೆ ತಾ ಎಂದೆ. ಅರ್ಧವಾರ್ಷಿಕ ಪರೀಕ್ಷೆಯ ನಂತರ ಅವಳು ತಂದಳು, ನಾನೂ ಆ ತರಗತಿಯ ಶಿಕ್ಷಕಿಯೂ ಕುಳಿತು ನೋಡಿದೆವು, ಅರ್ಧ ಅಂಕ ಸೇರಿಸಲಾಯಿತು.